ಸುಣ್ಣದ ಅಂಗಳದಲ್ಲಿ ಸಂಪಿಗೆ

ನಮ್ಮ ಅಂಗಳದ ಮಣ್ಣು ಎಂಥದ್ದು ಎಂದು ಮೊದಲು ಕಂಡುಹಿಡಿದವರು ನಮ್ಮ ಅತ್ತೆ, ಅದೂ ಹಿಂಡಿ ಉಳಿದ ಒಂದು ನಿಂಬೆಹೋಳಿನಿಂದ. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುವವಳು. ಸುಣ್ಣದ ಕಲ್ಲಿಗೆ ಆಮ್ಲ ತಾಗಿದರೆ ಬುರುಬುರು ನೊರೆ ಬರುತ್ತದೆ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ತೋರಿಸಿ, ಅವರು ಕಣ್ಣರಳಿಸಿದರೆ ಆ ನೊರೆಯನ್ನು ನಾನೇ ಹುಟ್ಟಿಸಿದವಳಂತೆ ಬೀಗುತ್ತೇನೆ. ಆದರೆ ಮನೆ ಕಟ್ಟಿ ಎರಡು ವರ್ಷವಾದರೂ ನನ್ನದೇ ಅಂಗಳದ ಮಣ್ಣನ್ನು ಒಂದು ಚಮಚದಷ್ಟೂ ಲ್ಯಾಬಿಗೆ ಒಯ್ದಿರಲಿಲ್ಲ.

ಅತ್ತೆ ಕಂಪ್ಲಿಯಿಂದ ಬಂದ ಮೂರನೆಯ ದಿನ ಊಟ ಮುಗಿಸಿ, ನಿಂಬೆಹೋಳು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಮೆಟ್ಟಿಲ ಬದಿಯಿಂದ ಒಂದು ಬಿಳಿ ಹೆಂಟೆ ಎತ್ತಿಕೊಂಡು ಅದರ ಮೇಲೆ ನಿಂಬೆ ಹಿಂಡಿ, ಹೆಂಟೆಯನ್ನು ಕಿವಿಯ ಹತ್ತಿರ ಹಿಡಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಾಣದ್ದನ್ನು ಕೇಳಿ ತಿಳಿದುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದರು.

"ಕೇಳು, ಚುರುಚುರು ಅಂತೈತಿ," ಅಂದರು. "ಇದು ಮಣ್ಣಲ್ಲ ಯವ್ವಾ, ಸುಣ್ಣ. ಸುಣ್ಣದಾಗ ಮನಿ ಕಟ್ಟೀರಿ ನೀವು."

ಆಮೇಲೆ ಓಣಿಯ ಹಿರಿಯರನ್ನು ಕೇಳಿದಾಗ ಗೊತ್ತಾಯಿತು, ಊರಾಚೆಯ ಈ ದಿನ್ನೆಯ ಮೇಲೆ ಹಿಂದೆ ಸುಣ್ಣ ಸುಡುವ ಬಟ್ಟಿಗಳಿದ್ದವಂತೆ. ಬಟ್ಟಿ ಹೋಗಿ, ಸೈಟುಗಳಾಗಿ, ನಮ್ಮಂಥವರು ಬಂದು ಮನೆ ಕಟ್ಟಿಕೊಂಡರೂ ನೆಲ ತನ್ನ ಹಳೆಯ ಬುದ್ಧಿ ಬಿಟ್ಟಿರಲಿಲ್ಲ. ಒಂದು ಕೊಡ ನೀರು ಸುರಿದರೆ, ಕೊಡ ಕೆಳಗಿಡುವಷ್ಟರಲ್ಲಿ ನೀರು ಮಾಯ. ಹಾರೆ ಹಾಕಿದರೆ ಗೇಣು ಇಳಿಯುವುದರೊಳಗೆ ಠಣ್ ಎನ್ನುವ ಸುಣ್ಣದ ಹರಳು. ಬರಿಗಾಲಲ್ಲಿ ಓಡಾಡಿದರೆ ಹಿಮ್ಮಡಿ ಬೆಳ್ಳಗೆ. ಎರಡು ವರ್ಷ ನಾನು ಅದನ್ನು ಅಂಗಳ ಎಂದು ಕರೆಯುತ್ತಿದ್ದೆನೇ ಹೊರತು ಅಲ್ಲಿ ಒಂದು ಗಿಡವನ್ನೂ ನೆಟ್ಟಿರಲಿಲ್ಲ. ಬಟ್ಟೆ ಒಣಗಿಸಲು ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಅತ್ತೆ ಬಂದದ್ದು ಶಿವರಾತ್ರಿಯ ಆಸುಪಾಸಿನಲ್ಲಿ, ಕಣ್ಣಿನ ಆಪರೇಷನ್ನಿಗೆ. ಒಂದು ಕಣ್ಣು ಮೊದಲು, ತಿಂಗಳು ಬಿಟ್ಟು ಇನ್ನೊಂದು, ಅದು ಮಾಗಿದ ಮೇಲೆ ಕಂಪ್ಲಿಗೆ ವಾಪಸು ಎನ್ನುವುದು ಲೆಕ್ಕ. ಕಂಪ್ಲಿಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಮೈದುನನ ಸಂಸಾರ, ಮೊಮ್ಮಕ್ಕಳು, ಹೊಳೆಗೆ ಹತ್ತಿರದ ಮನೆ, ಹಿತ್ತಿಲಲ್ಲಿ ಕೆಂಡಸಂಪಿಗೆ, ದುಂಡುಮಲ್ಲಿಗೆ, ದಾಸವಾಳ. ಕೋಲು ಊರಿ ಮರೆತು ಎದ್ದು ಹೋದರೆ ಕೋಲೂ ಚಿಗುರುವ ಎರೆಮಣ್ಣು ಅದು ಎಂದು ಅವರ ಹೆಮ್ಮೆ.

ನಮ್ಮದು ಲಿಂಗಪೂಜೆಯ ಮನೆತನ. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಚಹಾ ಕೂಡ ಮುಟ್ಟುವವರಲ್ಲ. ಪೂಜೆಗೆ ವಿಭೂತಿ, ಪತ್ರಿ, ಹೂವು. ಹೂವಿನ ವಿಷಯದಲ್ಲಿ ಅವರದೊಂದು ಕಟ್ಟಳೆ ಇತ್ತು: ಅಂಗೈಯ ಲಿಂಗಕ್ಕೆ ಇರುವ ಮನೆಯ ಅಂಗಳದ ಹೂವೇ ಆಗಬೇಕು, ಕೊಂಡದ್ದು ಆಗದು, ಇನ್ನೊಬ್ಬರ ಬೇಲಿಯದು ಆಗದು. ಮದುವೆಯಾಗಿ ಬಂದಂದಿನಿಂದ ಅವರ ಅತ್ತೆ ಹಾಕಿಕೊಟ್ಟ ಪದ್ಧತಿಯಂತೆ. ಪತ್ರಿಗೆ ತೊಂದರೆ ಇರಲಿಲ್ಲ, ಓಣಿಯ ಮೂಲೆಯ ಬಸವಣ್ಣನ ಗುಡಿಯ ಮುಂದೆ ಪತ್ರಿ ಮರವಿದೆ, ಅದು ದೇವರದೇ. ಹೂವಿಗೆ ಮಾತ್ರ ನಮ್ಮ ಮನೆಯಲ್ಲಿ ದಿಕ್ಕಿರಲಿಲ್ಲ. ಬಂದ ಮೊದಲ ವಾರ ಅವರು ಹೂವಿನ ಜಾಗದಲ್ಲಿ ಅಕ್ಕಿಕಾಳು ಇಟ್ಟು ಪೂಜೆ ಮುಗಿಸಿದ್ದನ್ನು ನೋಡಿದೆ. ಆ ದಿನಗಳಲ್ಲಿ ಪೂಜೆ ಬೇಗ ಮುಗಿಯುತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು.

ನಾನು ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಬೇಕು. ನನಗೆ ಒಂಬತ್ತು ವರ್ಷವಿದ್ದಾಗ ನನ್ನ ತಾಯಿ ತೀರಿಕೊಂಡಳು. ಸೋದರತ್ತೆಯ ಮನೆಯಲ್ಲಿ ಬೆಳೆದೆ, ಯಾರೂ ಕೆಟ್ಟವರಾಗಿರಲಿಲ್ಲ, ಊಟ ಬಟ್ಟೆಗೆ ಕಡಿಮೆಯಾಗಲಿಲ್ಲ. ಆದರೆ ಇನ್ನೊಬ್ಬರ ಮನೆಯಲ್ಲಿ ಬೆಳೆದ ಮಗು ಇದು ನನಗೆ ಬೇಕು ಎಂದು ಬಾಯಿಬಿಟ್ಟು ಕೇಳುವುದನ್ನು ಬೇಗ ಮರೆಯುತ್ತದೆ. ನಾನು ಮರೆತದ್ದು ಈ ವಯಸ್ಸಿಗೂ ನೆನಪಾಗಿಲ್ಲ. ಬೇಕಾದದ್ದನ್ನು ಕೇಳುವ ಬದಲು ಸಿಟ್ಟು ಮಾಡುತ್ತೇನೆ, ಪಾತ್ರೆ ಕುಕ್ಕುತ್ತೇನೆ. ನಮ್ಮವರು ಪಾಪ, ಸಪ್ಪಳದ ಮೇಲೆಯೇ ನನಗೆ ಏನು ಬೇಕೆಂದು ಅಂದಾಜು ಮಾಡುವುದನ್ನು ಕಲಿತಿದ್ದಾರೆ.

ಅತ್ತೆ ಬಂದ ಮೇಲೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಬಾಗಿಲು ತೆರೆದಿರುತ್ತಿತ್ತು. ಕೀಲಿಕೈಗೆ ಚೀಲ ತಡಕುವ ಕೆಲಸವಿರಲಿಲ್ಲ. "ಬಂದ್ಯಾ? ಕುಂದ್ರು," ಅನ್ನುತ್ತಿದ್ದರು. ಮಧ್ಯಾಹ್ನದ ಅನ್ನದ ತಳದ ಸೀಕು ನನಗೆ ಇಷ್ಟವೆಂದು ಹೇಗೋ ತಿಳಿದು, ಅದನ್ನು ಕೆರೆದು ಮೊಸರು ಹಾಕಿ ಎತ್ತಿಟ್ಟಿರುತ್ತಿದ್ದರು. ಕಣ್ಣಿಗೆ ಕಟ್ಟು ಕಟ್ಟಿದ ವಾರದಲ್ಲೂ ಕೈಯಳತೆಯಲ್ಲೇ ಎತ್ತಿಟ್ಟರು. ನನಗೆ ಅವರು ಬೇಕಾಗಿದ್ದರು. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ. ಕಣ್ಣು ವಾಸಿಯಾದ ಮೇಲೆ ಅವರು ಹೊರಟು ಹೋಗುತ್ತಾರೆ ಎನ್ನುವುದು ನೆನಪಾದಾಗೆಲ್ಲ ಅಡುಗೆಮನೆಯಲ್ಲಿ ಒಂದು ಪಾತ್ರೆ ಬೀಳುತ್ತಿತ್ತು.

ಎರಡನೆಯ ಕಣ್ಣಿನ ಕಟ್ಟು ಬಿಚ್ಚುವ ಹಿಂದಿನ ದಿನ ಅವರೇ ಮಾತು ತೆಗೆದರು. ನಾನು ಹಿಟ್ಟು ನಾದುತ್ತಿದ್ದೆ.

"ಸಣ್ಣಾವ ಫೋನ್ ಮಾಡಿದ್ದ, ಯಾವಾಗ ಬರ್ತಿ ಅಂತ," ಅಂದರು. ನಾನು ಹಿಟ್ಟನ್ನು ಇನ್ನೂ ಜೋರಾಗಿ ನಾದಿದೆ. ಸ್ವಲ್ಪ ಹೊತ್ತು ಕಾದರು. "ಪೂಜಿಗೆ ಹೂ ಇಲ್ಲದ ಮನ್ಯಾಗ ಎಷ್ಟಂತ ಇರಾಕ ಬರತೈತಿ?"

"ಹೂ ಇದ್ರ?" ಅಂದೆ, ತಲೆ ಎತ್ತದೆ.

"ನಿಮ್ಮ ಅಂಗಳದಾಗ? ಈ ಸುಣ್ಣದಾಗ?" ನಕ್ಕರು. "ಆತು. ಶ್ರಾವಣ ಮುಗಿಯೋ ತನಕ ನೋಡ್ತೀನಿ. ಅಷ್ಟರಾಗ ಇಲ್ಲಿ ಹೂ ಸಿಕ್ರ ಇರ್ತೀನಿ. ಇಲ್ಲಂದ್ರ ಕಂಪ್ಲಿ ಬಸ್ ಹತ್ತಿಸಿಬಿಡು."

ಮರುದಿನವೇ ಡ್ಯಾಮಿನ ರಸ್ತೆಯ ನರ್ಸರಿಗೆ ಹೋದೆ. ಗಿಡ ಆರಿಸಲು ಹೋಗಿದ್ದೆ ಎಂದು ಹೇಳಿಕೊಳ್ಳುವುದು ಸುಳ್ಳು, ನಾನು ಕಂಪ್ಲಿಯ ಹಿತ್ತಿಲನ್ನು ಎತ್ತಿಕೊಂಡು ಬರಲು ಹೋಗಿದ್ದೆ. ಕೆಂಡಸಂಪಿಗೆ, ದುಂಡುಮಲ್ಲಿಗೆ, ಕೆಂಪು ದಾಸವಾಳ, ಜೊತೆಗೆ ನನ್ನ ಸ್ವಂತ ಚಪಲಕ್ಕೆ ಒಂದು ಗಂಧರಾಜ. ಸುಣ್ಣದ ನೆಲ ಎಂದೆ. "ಏನ್ ಆಗಂಗಿಲ್ರಿ ಮೇಡಂ, ಗೊಬ್ರ ಹಾಕ್ರಿ, ಎಲ್ಲಾ ಬರ್ತಾವ," ಅಂದ ನರ್ಸರಿಯವನು. ಮಾರುವವನನ್ನು ಕೇಳಿ ಕೊಳ್ಳುವಷ್ಟು ಜಾಣೆ ನಾನು.

ಗುಂಡಿ ತೋಡುವುದೇ ಒಂದು ಯುದ್ಧ. ಸಂಜೆ ಕಾಲೇಜಿನಿಂದ ಬಂದು, ಸೆರಗು ಸಿಕ್ಕಿಸಿ, ಹಾರೆ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಬಾಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಒಗೆಯುವ ಕಲ್ಲಿನ ಮೇಲೆ ನೆಟ್ಟಗೆ ಕುಳಿತು, ಅಪ್ಪಣೆ ಕೊಡುತ್ತಿದ್ದರು. ಇಲ್ಲಿ ಬೇಡ, ಅಲ್ಲಿ. ಇನ್ನೂ ಒಂದು ಮೊಳ. ಆ ಹರಳು ತೆಗೆ. ನಡುನಡುವೆ ಕಂಪ್ಲಿಯ ಕಥೆ: ಹೊಳೆ ತುಂಬಿದ ವರ್ಷ ಹಿತ್ತಿಲ ತನಕ ನೀರು ಬಂದದ್ದು, ಸಂಪಿಗೆಯ ಕೊಂಬೆಗೆ ಸೀರೆ ಸಿಕ್ಕಿ ಮಾವನವರಿಂದ ಬೈಸಿಕೊಂಡದ್ದು, ನಮ್ಮವರು ಚಿಕ್ಕವರಿದ್ದಾಗ ಮಲ್ಲಿಗೆ ಮೊಗ್ಗನ್ನು ಮೂಗಿಗೆ ತುರುಕಿಕೊಂಡು ಊರೆಲ್ಲ ಓಡಾಡಿಸಿದ್ದು. ನಾನು ಹಾರೆ ಹಾಕುತ್ತ, ಕಲ್ಲಿಗೆ ಬಯ್ಯುತ್ತ, ನಗುತ್ತ ಕೇಳುತ್ತಿದ್ದೆ. ನಮ್ಮವರು ಸಂಡೂರಿನಿಂದ ಬಸ್ಸಿಳಿದು ಬರುವಾಗ ಅಂಗಳದಲ್ಲಿ ನಮ್ಮಿಬ್ಬರ ನಗು ಕೇಳಿ ಗೇಟಿನಲ್ಲೇ ಸ್ವಲ್ಪ ನಿಲ್ಲುತ್ತಿದ್ದರಂತೆ. ಬೇರೆ ಮನೆಗೆ ಬಂದೆನೋ ಏನೋ ಎಂದು ಅನುಮಾನವಾಗುತ್ತಿತ್ತಂತೆ.

ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ಗಿಡಗಳು ಹಳದಿ ತಿರುಗಿದವು. ಎಲೆಯೆಲ್ಲ ಅರಿಶಿನ ಬಳಿದಂತೆ, ನರಗಳು ಮಾತ್ರ ಹಸಿರು. ಗಂಧರಾಜ ಮೊದಲು, ದಾಸವಾಳ ಆಮೇಲೆ, ಕೊನೆಗೆ ಸಂಪಿಗೆ. ಈಗ ನನ್ನ ರಸಾಯನಶಾಸ್ತ್ರ ಎಚ್ಚರಾಯಿತು. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಬೇರಿಗೆ ಕಬ್ಬಿಣದ ಅಂಶ ಸಿಗುವುದಿಲ್ಲ, ಅದಕ್ಕೇ ಎಲೆ ಹೀಗೆ ಬಿಳಿಚಿಕೊಳ್ಳುತ್ತದೆ ಎಂದು ಊಟದ ಹೊತ್ತಿನಲ್ಲಿ ತಾಯಿಮಗ ಇಬ್ಬರಿಗೂ ಪಾಠ ಮಾಡಿದೆ.

ನಮ್ಮವರು ತುತ್ತು ನಿಲ್ಲಿಸಿ ನನ್ನ ಮುಖ ನೋಡಿದರು. "ಕಬ್ಬಿಣಾ?" ಅಂದರು. "ಕಬ್ಬಿಣಕ್ಕ ಬರ ಏನ ನಮಗ? ದಿನಾ ಅದರಾಗ ಹೊಳ್ಳ್ಯಾಡಿ ಬರ್ತೀನಿ."

ಅವರಿಗೆ ಸಂಡೂರಿನ ಗಣಿಯಲ್ಲಿ ಲಾರಿ ತೂಗುವ ಕಡೆ ಕೆಲಸ. ಅವರ ಬೂಟು, ಕಾಲರು, ಕಿವಿ ಎಲ್ಲ ಅದಿರಿನ ಕೆಂಪು. ಮರುದಿನ ಸಂಜೆ ಬುತ್ತಿ ಡಬ್ಬಿಯಲ್ಲಿ ಅನ್ನದ ಬದಲು ಅದಿರಿನ ಪುಡಿ ಬಂತು, ಲಾರಿಗಳಿಂದ ರಸ್ತೆಯ ಬದಿಗೆ ಸುರಿದು ಬಿದ್ದದ್ದು. ದಿನಕ್ಕೊಂದು ಡಬ್ಬಿಯಂತೆ ವಾರವಿಡೀ ತಂದರು. ಮಗುವಿಗೆ ಟಾನಿಕ್ ಕುಡಿಸುವ ಭಕ್ತಿಯಿಂದ ಮೂವರೂ ಸೇರಿ ಒಂದೊಂದು ಗಿಡದ ಬುಡಕ್ಕೂ ಹಾಕಿದೆವು. ಅದಿರಿನಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ, ಕರಗದ್ದು ಬೇರಿಗೆ ದಕ್ಕುವುದಿಲ್ಲ. ಇದನ್ನು ನಾನೇ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಗೊತ್ತಿದ್ದೂ ಹಾಕಿದೆ. ಆಸೆ ಬಿದ್ದವಳಿಗೆ ಬೋರ್ಡು ಕಾಣುವುದಿಲ್ಲ. ಹದಿನೈದು ದಿನದಲ್ಲಿ ಆದದ್ದು ಇಷ್ಟೇ: ಗಿಡಗಳು ಹಳದಿಯಾಗಿಯೇ ಉಳಿದವು, ಅಂಗಳ ಕೆಂಪಾಯಿತು, ಒಗೆದು ಹಾಕಿದ ಬಟ್ಟೆ ಕೆಂಪಾಯಿತು, ಅತ್ತೆಯ ಸೀರೆಯ ಅಂಚು ಇವತ್ತಿಗೂ ಕೆಂಪಿದೆ.

"ಹಸದಾವನ ಮುಂದ ಕಬ್ಬಿಣದ ಸಲಾಕಿ ಇಟ್ಟಂಗಾತು," ಎಂದು ಅತ್ತೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕಣ್ಣೀರು ಬರುವಂತೆ ನಕ್ಕರು. ಕಣ್ಣಿಗೆ ನೀರು ಬರಬಾರದು ಎಂದು ನಾನು ಗದರಿದೆ.

ಗಂಧರಾಜ, ಮಲ್ಲಿಗೆ, ದಾಸವಾಳ ಮೂರೂ ಬೇಸಿಗೆಯಲ್ಲೇ ಹೋದವು. ಉಳಿದ ಸಂಪಿಗೆಗೆ ಅತ್ತೆ ತಮ್ಮ ಔಷಧ ಸೂಚಿಸಿದರು: ಕಂಪ್ಲಿಯ ಮಣ್ಣು. ಮೈದುನ ನಾಲ್ಕು ಚೀಲ ಎರೆಮಣ್ಣನ್ನು ಅಕ್ಕಿಗಿರಣಿಯ ಲಾರಿಯಲ್ಲಿ ಕಳಿಸಿಕೊಟ್ಟ. ಸಂಪಿಗೆಯನ್ನು ಮೆಲ್ಲಗೆ ಎಬ್ಬಿಸಿ, ಗುಂಡಿ ದೊಡ್ಡದು ಮಾಡಿ, ಕರಿಮಣ್ಣು ತುಂಬಿ ಮತ್ತೆ ಕೂರಿಸಿದೆವು. ಬಿಳಿ ನೆಲದಲ್ಲಿ ಕರಿ ದುಂಡಗಿನ ಬೊಟ್ಟಿನಂತೆ ಕಂಪ್ಲಿ ಬಂದು ಕುಳಿತಿತು. ಇಪ್ಪತ್ತು ದಿನಕ್ಕೆ ಹೊಸ ಚಿಗುರು, ಅದೂ ಹಸಿರು! ಅವತ್ತು ನಾನು ಕಾಲೇಜಿಗೆ ತಡವಾಗಿ ಹೋದೆ. ಅತ್ತೆ ಆ ಎಲೆಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಆಗ ಅವರಿಗೆ ಹೊಸ ಕನ್ನಡಕ ಬಂದಿತ್ತು. ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಬಾಗಬಹುದು, ತಿರುಗಾಡಬಹುದು ಎಂದು ಡಾಕ್ಟರು ಹೇಳಿದ್ದರು.

ಆ ಖುಷಿಯಲ್ಲೇ ಒಂದು ಸೋಮವಾರ ರಜೆ ಹಾಕಿ ಅತ್ತೆಯನ್ನು ಹಂಪಿಗೆ ಕರೆದುಕೊಂಡು ಹೋದೆ. ಹೊಸ ಕಣ್ಣಲ್ಲಿ ವಿರೂಪಾಕ್ಷನನ್ನು ನೋಡಬೇಕು ಎಂದಿದ್ದರು. ದರ್ಶನ ಮುಗಿಸಿ ಹಂಪಿ ಬಜಾರಿನ ಕಲ್ಲುಮಂಟಪಗಳ ನೆರಳಲ್ಲಿ ಬರುವಾಗ, ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೂವಾಡಗಿತ್ತಿಯ ಮುಂದೆ ಅತ್ತೆ ನಿಂತರು. ಬುಟ್ಟಿಯಲ್ಲಿ ದೇವಕಣಗಿಲೆ, ಐದೆಸಳು, ಬಿಳಿ, ನಡುವೆ ಹಳದಿ. ಕೊಳ್ಳುವವರಲ್ಲ, ಆದರೆ ನೋಡಿದರು.

"ಇದು ಎಲ್ಲಿ ಬೆಳೀತೈತಿ?" ಅಂದರು.

"ನಮ್ಮ ಮನಿ ಹಿಂದ ಬಂಡೆಗಲ್ಲಿನ ಮ್ಯಾಲ್ರಿ, ಅವ್ವಾರ. ಅಲ್ಲಿ ಮಣ್ಣ ಅನ್ನೋದ ಇಲ್ಲ. ನೀರೂ ಯಾರೂ ಹಾಕಂಗಿಲ್ಲ."

"ಸುಣ್ಣದ ನೆಲದಾಗ ಬರತೈತೇನು?"

"ನೀರ ನಿಂದರಬಾರದು, ಅಷ್ಟ ನೋಡ್ರಿ. ಉಳಿದದ್ದಕ್ಕ ಅದು ತಕರಾರು ಮಾಡಂಗಿಲ್ಲ. ಕೊಂಬಿ ಕೊಡ್ಲೇನ್ರಿ?" ಎಂದು ಎದ್ದವಳು, ಬುಟ್ಟಿಯನ್ನು ಅತ್ತೆಯ ಕಡೆ ಸರಿಸಿದಳು. "ಸ್ವಲ್ಪ ಇದನ್ನ ನೋಡಕೋರಿ, ಜಲ್ದಿ ಬರ್ತೀನಿ."

ಕೊಂಡ ಹೂವನ್ನು ಮುಟ್ಟದ ನಮ್ಮ ಅತ್ತೆ ಹಂಪಿ ಬಜಾರಿನಲ್ಲಿ ಹೂವಿನ ಬುಟ್ಟಿ ಕಾಯುತ್ತ ಕುಳಿತರು. ಬಂದ ಇಬ್ಬರು ಗಿರಾಕಿಗಳಿಗೆ "ನಿಂದ್ರಿ, ಬರ್ತಾಳ" ಎಂದು ಜೋರು ಮಾಡಿದರು. ನಾನು ಆ ಹೊತ್ತಿನಲ್ಲಿ ಸುತ್ತ ಕಣ್ಣಾಡಿಸಿದೆ. ಬಂಡೆಗಳ ಸಂದಿಯಲ್ಲಿ ಸೀತಾಫಲ, ಮುರಿದ ಗೋಡೆಯ ಗಾರೆಯಲ್ಲಿ ಬೇರು ಬಿಟ್ಟ ಬೇವು, ಯಾರದೋ ಹಿತ್ತಿಲ ಕಲ್ಲುರಾಶಿಯ ಮೇಲೆ ಕಾಗದದ ಹೂವಿನ ಬಳ್ಳಿ, ರಸ್ತೆಯಂಚಿಗೆ ಕೆಂಪು ಕಣಗಿಲೆ. ಇವನ್ನೆಲ್ಲ ಹುಟ್ಟಿದಾಗಿನಿಂದ ನೋಡಿದ್ದೇನೆ, ಒಮ್ಮೆಯೂ ಗಿಡ ಆರಿಸುವವಳ ಕಣ್ಣಿನಿಂದ ನೋಡಿರಲಿಲ್ಲ. ನರ್ಸರಿಗೆ ಹೋಗುವ ಮುನ್ನ ಇಲ್ಲಿಗೆ ಬರಬೇಕಿತ್ತು. ಹೂವಾಡಗಿತ್ತಿ ಹಾಲು ಸೋರುವ ಮೊಳದುದ್ದದ ಕೊಂಬೆ ತಂದುಕೊಟ್ಟು, ವಾರದ ತನಕ ನೆರಳಲ್ಲಿ ಒಣಗಿಸಿ ಆಮೇಲೆ ನೆಡಬೇಕು, ನೆಟ್ಟ ಮೇಲೆ ಸುಮ್ಮನಿರಬೇಕು ಎಂದಳು. ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ ಎಂದು ಅತ್ತೆ ಅವಳಿಗೆ ಹೇಳಿಬಿಟ್ಟರು.

ದೇವಕಣಗಿಲೆ ನೆಟ್ಟೆವು. ಬದಿಯಲ್ಲಿ ಕಣಗಿಲೆ ಕಡ್ಡಿ, ಬೇಲಿಗೆ ಕಾಗದದ ಹೂ, ಹಿಂದೆ ನುಗ್ಗೆ, ಮೂಲೆಗೆ ಸೀತಾಫಲದ ಬೀಜ. ಒಂದಕ್ಕೂ ಎಲೆ ಹಳದಿಯಾಗಲಿಲ್ಲ. ಆದರೆ ಯಾವುದೂ ಆ ಶ್ರಾವಣಕ್ಕೆ ಹೂ ಬಿಡುವಂಥದ್ದಲ್ಲ. ಕಣಗಿಲೆಯ ಕಡ್ಡಿಗೆ ಎರಡು ಎಲೆ ಬಂದಿತ್ತು, ದೇವಕಣಗಿಲೆ ನೆಲಕ್ಕೆ ಊರಿದ ದೊಣ್ಣೆಯಂತೆ ನಿಂತಿತ್ತು. ಹೂವಿನ ಆಸೆಯೆಲ್ಲ ಸಂಪಿಗೆಯ ಮೇಲೆ. ಕಸಿ ಗಿಡ, ವರ್ಷದೊಳಗೇ ಮೊಗ್ಗು ಬರುತ್ತದೆ ಎಂದು ನರ್ಸರಿಯವನು ಹೇಳಿದ್ದ. ನಾನು ದಿನಾ ಎರಡು ಹೊತ್ತು ಅದಕ್ಕೆ ಕೊಡಗಟ್ಟಲೆ ನೀರು ಹಾಕಿದೆ. ಭಾನುವಾರ ಅದರ ಸುತ್ತ ಒಂದು ಕಳೆ ಉಳಿಯದಂತೆ ಕಿತ್ತೆ. ಸುಣ್ಣದ ನೆಲದಲ್ಲಿ ನೀರು ನಿಲ್ಲುವುದಿಲ್ಲ ಎನ್ನುವುದು ನನಗೆ ರೂಢಿಯಾಗಿ ಹೋಗಿತ್ತು. ಗುಂಡಿಯೊಳಗಿರುವುದು ಈಗ ಕಂಪ್ಲಿಯ ಎರೆಮಣ್ಣು, ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣು ಎನ್ನುವುದು ನೆನಪೇ ಆಗಲಿಲ್ಲ. ಆಷಾಢದಲ್ಲಿ ನಾಲ್ಕು ದಿನ ಹಿಡಿದು ಮಳೆ ಬಂತು. ಅಂಗಳವೆಲ್ಲ ಒಣಗಿದರೂ ಆ ಕರಿ ಬೊಟ್ಟು ಮಾತ್ರ ಕೆಸರಿನ ಗಡಿಗೆಯಾಗಿ ಉಳಿಯಿತು. ಎಲೆ ಜೋತುಬಿತ್ತು. ಬುಡ ಮೆತ್ತಗಾಯಿತು. ಶ್ರಾವಣದ ಮೂರನೆಯ ವಾರದಲ್ಲಿ ಕಡ್ಡಿ ಉಗುರಿನಿಂದ ಗೀರಿ ನೋಡಿದೆ, ಒಳಗೆ ಹಸಿರಿರಲಿಲ್ಲ.

ಅತ್ತೆಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ಸಂಜೆ ಎಂದಿನಂತೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕಥೆ ಹೇಳಿದರು. ನನಗೆ ಕಥೆ ಕಿವಿಯೊಳಗೆ ಇಳಿಯಲಿಲ್ಲ.

ಶ್ರಾವಣದ ಕಡೆಯ ಸೋಮವಾರದ ಮುಂಜಾನೆ, ಪೂಜೆ ಮುಗಿಸಿ ಚಹಾ ಕುಡಿಯುತ್ತ ಅವರು ಕೇಳಿದರು, "ಕಂಪ್ಲಿಗೆ ನಾಳೆ ಮುಂಜಾನೆ ಬಸ್ ಎಷ್ಟೊತ್ತಿಗೈತಿ?"

ನನ್ನ ಕೈಯಲ್ಲಿದ್ದ ಬೋಗುಣಿ ಕಟ್ಟೆಯ ಮೇಲೆ ಬಿತ್ತು. ಬೀಳಿಸಿದೆ ಎನ್ನುವುದೇ ಸರಿ. "ನನಗೇನು ಕೇಳ್ತೀರಿ, ಬಸ್ ಸ್ಟ್ಯಾಂಡಿನಾಗ ಬೋರ್ಡ್ ಹಾಕಿರ್ತಾರ," ಅಂದೆ. "ಐದು ತಿಂಗಳಿಂದ ಹಾರಿ ಹಿಡದು ಅಂಗೈ ನೋಡ್ರಿ ಹೆಂಗಾಗೈತಿ. ನಿಮ್ಮ ಲಿಂಗಕ್ಕ ಏನು ಬೇಕು ಅಂತ ಎಲ್ಲಾರಿಗೂ ಗೊತ್ತೈತಿ. ನನಗೇನು ಬೇಕು ಅಂತ ಯಾರರ ಕೇಳೀರೇನು?"

ಅವರು ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ನಿಲ್ಲಲಿಲ್ಲ. ಅಂಗಳಕ್ಕೆ ಇಳಿದು, ಅಷ್ಟೂ ಸಿಟ್ಟನ್ನು ಸತ್ತ ಸಂಪಿಗೆಯ ಮೇಲೆ ಹಾಕಿ ಎರಡೂ ಕೈಯಿಂದ ಜಗ್ಗಿದೆ. ಕೊಳೆತ ಬೇರು, ಒಂದೇ ಜಗ್ಗಿಗೆ ಬಂತು, ನಾನು ಹಿಂದಕ್ಕೆ ಕುಕ್ಕರಿಸಿ ಕುಳಿತೆ.

ಆಗ ಕಣ್ಣಿಗೆ ಬಿತ್ತು. ಗುಂಡಿಯ ಆಚೆ ಬದಿ, ಗೋಡೆಯ ಕಡೆ, ಕಾಲು ತುಳಿಯದ ಜಾಗದಲ್ಲಿ ಒಣಗಿದ ಪತ್ರಿಯ ಒಂದು ಸಣ್ಣ ರಾಶಿ. ಅದು ನಿರ್ಮಾಲ್ಯ, ಹಿಂದಿನ ದಿನದ ಪೂಜೆಯಿಂದ ತೆಗೆದದ್ದು. ಅದನ್ನು ಯಾರೂ ತುಳಿಯಬಾರದು ಎಂದು ಅತ್ತೆ ಗಿಡದ ಬುಡಕ್ಕೇ ಹಾಕುತ್ತಿದ್ದರು. ಅದರಲ್ಲಿ ಅಚ್ಚರಿಯೇನಿರಲಿಲ್ಲ. ಆದರೆ ಪತ್ರಿಯ ನಡುವೆ, ಕೆಳಗಿನ ಪದರದಿಂದ ಮೇಲಿನ ತನಕ, ಬಾಡಿ ಕಂದಾದ ಸಣ್ಣ ಸಣ್ಣ ಹೂವುಗಳಿದ್ದವು. ಎಲ್ಲಕ್ಕಿಂತ ಮೇಲೆ ನಿನ್ನೆಯವು, ಇನ್ನೂ ಬೆಳ್ಳಗಿದ್ದವು. ಅಕ್ಕಿಕಾಳು ಒಂದೂ ಇರಲಿಲ್ಲ.

ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಇವೆಲ್ಲಿಂದ ಬಂದ್ವು?" ಅಂದೆ.

"ಏಳು," ಅಂದರು. "ಬಾ ತೋರಿಸ್ತೀನಿ."

ಮನೆಯ ಹಿಂದೆ, ಬಚ್ಚಲ ನೀರು ಹೊರಬೀಳುವ ಮೂಲೆಗೆ ಕರೆದುಕೊಂಡು ಹೋದರು. ಸುಣ್ಣದ ಹರಳಿನ ನಡುವೆ ಮೊಣಕಾಲೆತ್ತರ ತುಂಬೆ ಗಿಡಗಳು, ಗೆಣ್ಣುಗೆಣ್ಣಿಗೂ ಬಿಳಿ ಹೂವು. ಶಿವನಿಗೆ ಇದಕ್ಕಿಂತ ಪ್ರಿಯವಾದ ಹೂವಿಲ್ಲ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಮುಂದಿನ ಅಂಗಳದಲ್ಲಿ ಇದೇ ಗಿಡವನ್ನು ಪ್ರತಿ ಭಾನುವಾರ ಕಳೆ ಎಂದು ಬೇರುಸಹಿತ ಕಿತ್ತು ಹಾಕಿದವಳು ನಾನು. ಸಂಪಿಗೆಯೊಂದೇ ಹೂವು ಎಂದುಕೊಂಡಿದ್ದ ಕಣ್ಣಿಗೆ ಇದು ಹೂವಾಗಿ ಕಂಡೇ ಇರಲಿಲ್ಲ.

"ಯಾವಾಗಿಂದ?" ಅಂದೆ.

"ಹೊಸಾ ಕನ್ನಡಕ ಬಂದ ಮರುದಿನದಿಂದ."

"ಅಂದ್ರ... ಹಂಪಿಗೆ ಹೋಗೋಕಿಂತ ಮೊದಲ? ಮತ್ತ ಯಾಕ ಹೇಳ್ಲಿಲ್ರಿ? ನಾ ಅಲ್ಲಿ ಸಾಯಂಗ ನೀರು ಹೊತ್ತು..."

"ಹೇಳಿದ್ರ ನೀ ಸಂಜೀಕೆ ಅಂಗಳಕ್ಕ ಇಳಿಯೋದು ಬಿಡ್ತಿದ್ದಿ," ಅಂದರು. "ಒಳಗ ಕುಂತು ಪೇಪರ್ ತಿದ್ದತಿದ್ದಿ. ನಾ ಯಾರ ಕೂಡ ಮಾತಾಡ್ಲಿ?" ಒಂದು ತುಂಬೆಯ ಗೆಣ್ಣಿನಿಂದ ಹೂವನ್ನು ಮೆಲ್ಲಗೆ ಬಿಡಿಸಿ ನನ್ನ ಅಂಗೈ ಮೇಲೆ ಇಟ್ಟರು. ಅಲ್ಲಿ ಹಾರೆಯ ಗುಳ್ಳೆ ಒಡೆದ ಜಾಗವಿತ್ತು. "ಹೂವಿನ ನೆವ ತೆಗದಾಕಿ ನಾನ. ಸುಳ್ಳ ಯಾಕ ಹೇಳಲಿ? ನೀ ಇರ್ರಿ ಅಂತಿ ಏನ ಅಂತ ಒಂದು ತಿಂಗಳ ಕಾದೆ. ನೀ ಹಿಟ್ಟ ನಾದ್ಕೊಂತ ಕುಂತಿ."

ಬಚ್ಚಲ ಮೂಲೆಯಲ್ಲಿ, ಕಾಲೇಜಿಗೆ ಹೊರಡುವ ಹೊತ್ತಿನಲ್ಲಿ, ಕೈತುಂಬ ಕೆಸರು ಮಾಡಿಕೊಂಡು ನಾನು ಅತ್ತುಬಿಟ್ಟೆ. ಒಂಬತ್ತನೆಯ ವಯಸ್ಸಿನ ನಂತರ ಇನ್ನೊಬ್ಬರ ಎದುರಿಗೆ ಹಾಗೆ ಅತ್ತಿರಲಿಲ್ಲ. ಅವರು ಸೆರಗಿನಿಂದ ನನ್ನ ಕೈಯ ಕೆಸರು ಒರೆಸಿದರು, ಮೊದಲೇ ಅದಿರಿನಿಂದ ಕೆಂಪಾಗಿದ್ದ ಸೀರೆ ಅದು.

"ಮತ್ತ ಕಂಪ್ಲಿ ಬಸ್ ಯಾಕ?" ಅಂದೆ ಕೊನೆಗೆ.

"ಇನ್ನ ಚಳಿಗಾಲ ಬರತೈತಿ. ನನ್ನ ಕಂಬಳಿ, ಟ್ರಂಕ್ ಎಲ್ಲಾ ಅಲ್ಲೇ ಐತಿ. ಆರು ತಿಂಗಳಿಂದ ನಾಲ್ಕು ಸೀರಿ ಮ್ಯಾಲೆ ಅದೀನಿ. ನೀ ಇರ್ರಿ ಅಂದ ಮ್ಯಾಲ ತರೋಣ ಅಂತಿದ್ದೆ. ಇನ್ನ ನೀ ಅನ್ನಾಕಿ ಅಲ್ಲ ಅಂತ ಗೊತ್ತಾತು, ನಾನ ಹೋಗಿ ತಂದರಾತು ಅಂತ ಮಾಡಿದೆ."

ಮರುದಿನ ನಾನೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಕಿಟಕಿಯ ಸೀಟು ಹಿಡಿದು ಕೂರಿಸಿದೆ. ಡ್ರೈವರು ಹತ್ತಿದ. ಬಸ್ಸಿನ ತುಂಬ ಜನ, ಬುಟ್ಟಿ, ಚೀಲ, ಗದ್ದಲ. ಅಂಥಲ್ಲಿ ನಾನು ಕೆಳಗಿಳಿದು, ಹೊರಗಿನಿಂದ ಕಿಟಕಿಯ ಸರಳು ಹಿಡಿದುಕೊಂಡು ಕೂಗಿ ಹೇಳಿದೆ: "ಅತ್ತಿ, ನಮ್ಮ ಕೂಡ ಇರ್ರಿ. ಹೂ ಇರಲಿ, ಬಿಡಲಿ. ನನಗ ನೀವು ಬೇಕು."

ಅಕ್ಕಪಕ್ಕದ ನಾಲ್ಕು ಜನ ತಿರುಗಿ ನೋಡಿದರು. ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಕೇಳಿತು," ಅಂದರು. "ಕಣ್ಣಿಗೆ ಪೊರಿ ಬಂದಿತ್ತು, ಕಿವಿ ಚಲೋ ಅದಾವ."

ಮೂರನೆಯ ದಿನ ಸಂಜೆ ನಮ್ಮವರು ಬಸ್ ಸ್ಟ್ಯಾಂಡಿನಿಂದ ಅವರನ್ನು ಆಟೋದಲ್ಲಿ ಕರೆತಂದರು. ಟ್ರಂಕು ಇಳಿಯಿತು, ಕಂಬಳಿ ಇಳಿಯಿತು. ಕೊನೆಗೆ ಅತ್ತೆ ಇಳಿದರು, ಎದೆಗೆ ಏನನ್ನೋ ಅವಚಿಕೊಂಡು. ಒದ್ದೆ ಬಟ್ಟೆ ಸುತ್ತಿದ ಗಿಡ, ಗೇಣುದ್ದ. ಎಲೆ ನೋಡಿದ ಕೂಡಲೇ ಗುರುತಾಯಿತು. ಕಂಪ್ಲಿಯ ಹಿತ್ತಿಲ ಸಂಪಿಗೆಯ ಸಸಿ.

"ಅತ್ತಿ, ಇದು ಇಲ್ಲಿ ಬರಂಗಿಲ್ಲ ಅಂತ ಇಬ್ಬರಿಗೂ ಗೊತ್ತಾತಲ್ರಿ," ಅಂದೆ.

"ಗೊತ್ತೈತಿ," ಎಂದು ಅವರು ಸಸಿಯನ್ನು ನನ್ನ ಕೈಗೆ ಕೊಟ್ಟು, ಒಗೆಯುವ ಕಲ್ಲಿನ ಕಡೆ ನಡೆದರು. "ಹಾರಿ ತಗೊಂಡು ಬಾ. ಹೊತ್ತು ಮುಳುಗಾಕ ಇನ್ನೂ ತಾಸೈತಿ."